ಮೆಂಬರ್ ಮನೆ ಮುಂದಿನ ಗುಂಡಿ

“ಗುಂಡಿ ಮುಚ್ಚಿದ್ದೀರೇನ್ರೋ ಇದು, ಇಲ್ಲ ನಿಮ್ಮಪ್ಪನ ಹೆಣ ಮುಚ್ಚಿದ್ದೀರಾ?”

ಇಂಜಿನಿಯರು ಬೂಟಿನ ತುದಿಯಿಂದ ಒಂದು ಸಲ ಒದ್ದ. ಹಿಂದಿನ ದಿನವಷ್ಟೇ ನಾವು ತುಂಬಿದ್ದ ಜಲ್ಲಿ ಕಿತ್ತುಕೊಂಡು ಬಂತು. ಅದರಡಿಯಿಂದ ಕಪ್ಪು ನೀರು ಜಿನುಗಿ ಅವನ ಬೂಟಿಗೆ ಹತ್ತಿತು. “ಥೂ ನಿಮ್ಮ!” ಎಂದವನೇ ಪಕ್ಕದಲ್ಲಿದ್ದ ನನ್ನ ಅಣ್ಣನ ಹೆಗಲಿನಿಂದ ಟವೆಲು ಎಳೆದುಕೊಂಡು, ಬೂಟು ಒರೆಸಿ, ಅದನ್ನು ಮತ್ತೆ ಅಣ್ಣನ ಹೆಗಲಿಗೇ ಎಸೆದ. ಅಣ್ಣ ಅದನ್ನು ತೆಗೆಯಲೂ ಇಲ್ಲ, ಒದರಲೂ ಇಲ್ಲ. ಹಾರೆ ಹಿಡಿದುಕೊಂಡು ಹಾಗೇ ನಿಂತಿದ್ದ.

“ಸಾರ್, ಮೂರು ಡಬ್ಬ ಟಾರು ಬೇಕಾದ ಕಡೆ ಒಂದು ಡಬ್ಬ ಕಳಿಸಿದ್ರಿ,” ಅಂದ ಮೇಸ್ತ್ರಿ.

“ಟಾರು ನಿಮ್ಮವ್ವನ ಮನೆಯಿಂದ ಬರುತ್ತೇನೋ? ಕೊಟ್ಟಿದ್ದರಲ್ಲಿ ಮಾಡಕ್ಕಾಗಲ್ಲ ಅಂದ್ರೆ ಹೇಳು. ಮಾಡೋರು ಸಾಲುಗಟ್ಟಿ ನಿಂತಿದಾರೆ.”

ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. “ಸಾರ್, ಡ್ರಮ್ಮುಗಟ್ಟಲೆ ಸುರಿದ್ರೂ ಈ ಗುಂಡಿ ನಿಲ್ಲಲ್ಲ. ಒಳಗಿಂದ ಕೊಳೀತಾ ಇದೆ. ಮಳೆನೀರಾದ್ರೆ ಮಣ್ಣಿನ ವಾಸನೆ ಬರ್ಬೇಕು. ಇದು ಹೇಲಿನ ವಾಸನೆ,” ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಓಹೋ. ನಗರಸಭೆ ನಿನಗೆ ಸಂಬಳ ಕೊಡ್ತಿರೋದು ಮೂಸಿ ನೋಡೋಕಾ? ನಾನು ನಾಲ್ಕು ವರ್ಷ ಕಾಲೇಜಿಗೆ ಹೋಗಿ ಕಲಿತಿದ್ದನ್ನ ಇವಳು ಮೂಗಲ್ಲೇ ಕಲಿತುಬಿಟ್ಟಿದಾಳೆ ನೋಡಯ್ಯ!” ಎಂದು ಗೇಟಿನ ಕಡೆ ತಿರುಗಿ ನಕ್ಕ. ಗೇಟಿನ ಒಳಗೆ ನಿಂತಿದ್ದ ಮೆಂಬರೂ ನಕ್ಕ. ಅವನ ನಗು ಬೇಗ ಮುಗಿಯಿತು.

ಮೆಂಬರ್ ಅಂದರೆ ಆ ವಾರ್ಡಿನ ನಗರಸಭೆ ಸದಸ್ಯ. ಗುಂಡಿ ಇದ್ದದ್ದು ಅವನ ಮನೆಯ ಗೇಟಿನ ಎದುರಿಗೇ. ಮೂರು ಮಹಡಿಯ ಮನೆ, ಮಹಡಿಗೆ ಎರಡರಂತೆ ಬಚ್ಚಲು. ಆ ಗುಂಡಿಯನ್ನು ನಾವು ಎರಡು ವರ್ಷದಲ್ಲಿ ಹನ್ನೊಂದು ಸಲ ಮುಚ್ಚಿದ್ದೆವು.

ರಸ್ತೆ ಗ್ಯಾಂಗಿನಲ್ಲಿ ನಾವು ನಾಲ್ಕು ಜನ. ಮೇಸ್ತ್ರಿ, ನನ್ನ ಅಣ್ಣ, ಊದಿದರೆ ಹಾರಿಹೋಗುವಷ್ಟು ತೆಳ್ಳಗಿದ್ದಾನೆಂದು ಎಲ್ಲರೂ ಬುಲ್ಡೋಜರ್ ಎಂದು ಕರೆಯುವ ಒಬ್ಬ, ಮತ್ತು ನಾನು. ನನಗೆ ಟಾರಕ್ಕ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಯಿತು. ಗಂಡ ಬಿಟ್ಟುಹೋದ ವರ್ಷ ಅಣ್ಣನೇ ನನ್ನನ್ನು ಕರೆತಂದು ಕೈಗೆ ಸಲಿಕೆ ಕೊಟ್ಟಿದ್ದ. “ಅಳೋದಿದ್ರೆ ಟಾರು ಕಾಯಿಸೋ ಹೊತ್ತಲ್ಲಿ ಅತ್ತುಬಿಡು. ಹೊಗೆಗೆ ಅಂದ್ಕೋತಾರೆ,” ಅಂದಿದ್ದ. ಅವನ ಮಾತೇ ಹಾಗೆ.

ಊರಿನವರಿಗೆ ರಸ್ತೆ ಕೆಲಸ ಅಂದರೆ ಬೇಸಿಗೆಯಲ್ಲಿ ಟಾರು ಹಾಕುವುದು. ವರ್ಷವಿಡೀ ನಾವು ಅವರ ಕಾಲಡಿಯಲ್ಲೇ ಇರುತ್ತೇವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಬೇಸಿಗೆಯಲ್ಲಿ ಚಪ್ಪಲಿಯ ಅಟ್ಟೆ ಕರಗಿ ಪಾದಕ್ಕೆ ಅಂಟುತ್ತದೆ. ಮಳೆಗೆ ಮುಂಚೆ ಚರಂಡಿಗಳ ಹೂಳು ಎತ್ತುತ್ತೇವೆ. ಊರು ಏನೇನು ಬಚ್ಚಿಡುತ್ತದೆ ಎಂದು ತಿಳಿಯಬೇಕಾದರೆ ಆ ಹೂಳು ಎತ್ತಬೇಕು. ಸತ್ತ ಇಲಿ, ಒಡೆದ ಬಾಟಲಿ, ಕೂಸುಗಳ ಹೇಲುಬಟ್ಟೆ, ಒಂದು ಸಲ ಚೀಲದಲ್ಲಿ ಬಾಯಿ ಕಟ್ಟಿ ಹಾಕಿದ್ದ ಐದು ನಾಯಿಮರಿ. ಮಳೆ ಹಿಡಿದ ಮೇಲೆ ನೀರು ತುಂಬಿದ ಗುಂಡಿಗಳಿಗೆ ಕೈಗೆ ಸಿಕ್ಕ ಕಲ್ಲು ಸುರಿದು, ಅದು ಕೊಚ್ಚಿಹೋಗುವುದನ್ನು ನೋಡುತ್ತೇವೆ. ಮಳೆ ನಿಂತಮೇಲೆ ಅದೇ ಗುಂಡಿಗಳ ಅಂಚು ಚೌಕ ಕತ್ತರಿಸಿ, ಗುಡಿಸಿ, ಮತ್ತೆ ತುಂಬುತ್ತೇವೆ. ಚಳಿಗಾಲದಲ್ಲಿ ರಸ್ತೆ ಬದಿಯ ಕಳೆ ಕಿತ್ತು ಬಿಳಿ ಗೆರೆ ಎಳೆಯುತ್ತೇವೆ. ಗೆರೆ ಒಣಗುವಷ್ಟರಲ್ಲಿ ಯಾರಾದರೂ ಅದರ ಮೇಲೆ ಉಗುಳಿರುತ್ತಾರೆ.

ಇಷ್ಟೆಲ್ಲ ಮಾಡುವವರಿಗೆ ರಸ್ತೆಯ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಗೊತ್ತಾಗದೆ ಇರುತ್ತದೆಯೇ?

ಆ ವರ್ಷದ ಮಳೆ ಮೂರು ದಿನ ಬಿಡದೆ ಹುಯ್ಯಿತು. ಮೆಂಬರ್ ಮನೆಯ ಮುಂದೆ ರಸ್ತೆಯನ್ನು ಅಡ್ಡಕ್ಕೆ ದಾಟುವ ಒಂದು ಮೋರಿಯಿದೆ. ಮಳೆನೀರು ಹರಿದುಹೋಗಲೆಂದು ಕಟ್ಟಿದ್ದು, ಮನುಷ್ಯ ಮೊಣಕಾಲೂರಿ ತೂರಬಹುದಾದಷ್ಟು ಎತ್ತರ. ಮೂರನೆಯ ದಿನ ಬೆಳಿಗ್ಗೆ ಅದು ಕಟ್ಟಿಕೊಂಡಿತು. ನೀರು ರಸ್ತೆ ತುಂಬಿ ಮೆಂಬರ್ ಮನೆಯ ಗೇಟು ದಾಟಿತು. ಅದಕ್ಕೆ ಮುಂಚೆ ಕೆಳಗಿನ ಬೀದಿಯ ಮೂವತ್ತು ಮನೆಗಳಿಗೆ ನುಗ್ಗಿತ್ತು. ಆಗ ಯಾರೂ ಬಂದಿರಲಿಲ್ಲ. ಈಗ ಇಂಜಿನಿಯರು ಕೊಡೆ ಹಿಡಿದು ಓಡಿ ಬಂದ.

ನಾವು ಉದ್ದನೆಯ ಬಿದಿರು ಹಾಕಿ ತಿವಿದೆವು. ಬಿದಿರು ಮುರಿಯಿತು. ಕಬ್ಬಿಣದ ಸರಳು ಹಾಕಿದೆವು. ಅದು ಮೆತ್ತಗಿನದಕ್ಕೆ ಚುಚ್ಚಿಕೊಂಡು ಅಲ್ಲೇ ನಿಂತಿತು.

“ಒಬ್ಬ ಒಳಗೆ ಇಳೀರಿ,” ಅಂದ ಇಂಜಿನಿಯರು.

“ಸಾರ್, ಅದು ಕಾನೂನಲ್ಲಿ ಇಲ್ಲ,” ಅಂದ ಮೇಸ್ತ್ರಿ. “ಮನುಷ್ಯರನ್ನ ಇಳಿಸಬಾರದು ಅಂತ ಆಫೀಸಲ್ಲೇ ಬೋರ್ಡ್ ಹಾಕಿದಾರೆ.”

“ಅದು ಕಕ್ಕಸಿನ ಗುಂಡಿಗೆ ಕಣೋ. ಇದು ಮಳೆನೀರಿನ ಮೋರಿ. ಮಳೆನೀರಲ್ಲಿ ಇಳಿಯೋಕೂ ನಿಮಗೆ ಕಾನೂನು ಬೇಕಾ?”

ಗೇಟಿನೊಳಗೆ ಮೆಂಬರು ಪಂಚೆ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಇಂಜಿನಿಯರು ಬುಲ್ಡೋಜರ್ ಕಡೆ ಬೆರಳು ತೋರಿಸಿದ. “ನೀನು ಸಣ್ಣಕ್ಕಿದ್ದೀಯ, ಇಳಿ.” ಬುಲ್ಡೋಜರಿಗೆ ಎರಡು ವಾರದಿಂದ ಕೆಮ್ಮು. ಉಸಿರು ಎಳೆದರೆ ಎದೆಯಲ್ಲಿ ಸೀಟಿ ಊದುತ್ತಿತ್ತು. ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ.

“ಬಿಡು, ನೀನು ಹೋದ್ರೆ ನಿನ್ನನ್ನ ಹುಡುಕೋಕೆ ಇನ್ನೊಬ್ಬ ಹೋಗ್ಬೇಕು,” ಎಂದು ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ನನ್ನ ಕೈಗೆ ತುದಿ ಕೊಟ್ಟ. “ಎರಡು ಸಲ ಎಳೆದ್ರೆ ಎಳ್ಕೋ.”

ಅವನ ತಲೆ, ಬೆನ್ನು, ಕೊನೆಗೆ ಅಂಗಾಲು ಒಳಗೆ ಮರೆಯಾದವು. ಹಗ್ಗ ಗೇಣು ಗೇಣಾಗಿ ನನ್ನ ಕೈಯಿಂದ ಜಾರುತ್ತ ಹೋಯಿತು. ಒಳಗಿನಿಂದ ಕೆರೆಯುವ ಸದ್ದು, ಏದುಸಿರು. ಆಮೇಲೆ ಅವನ ದನಿ, ಡಬ್ಬದೊಳಗಿಂದ ಮಾತಾಡಿದ ಹಾಗೆ: “ಇಲ್ಲೊಂದು ಪೈಪಿದೆ ಕಣೇ! ಮನೆ ಕಡೆಯಿಂದ—”

ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಯಾರೋ ನೀರು ಬಿಟ್ಟರು. ಗೋಡೆಯೊಳಗೆ ಅದು ಗುಳುಗುಳು ಇಳಿದದ್ದು ರಸ್ತೆಯಲ್ಲಿದ್ದ ನಮಗೆಲ್ಲ ಕೇಳಿಸಿತು. ಮೆಂಬರಿಗೂ ಕೇಳಿಸಿತು, ಇಂಜಿನಿಯರಿಗೂ ಕೇಳಿಸಿತು. ಅಣ್ಣನ ಮಾತು ಅರ್ಧದಲ್ಲೇ ನಿಂತಿತು.

ಹಗ್ಗ ಎರಡು ಸಲ ಜಗ್ಗಲಿಲ್ಲ. ಒಂದೇ ಸಲ, ಉದ್ದಕ್ಕೆ, ಕೈಯ ಚರ್ಮ ಸುಲಿಯುವಂತೆ ಓಡಿತು. ಮೋರಿಯಲ್ಲಿ ಕಟ್ಟಿಕೊಂಡಿದ್ದ ಹೂಳು ಸಡಿಲಾಗಿ ನೀರು ಅವನನ್ನು ಎಳೆದುಕೊಂಡು ಹೊರಟಿತ್ತು. ಮೂವರೂ ಸೇರಿ ಎಳೆದೆವು. ಹೊರಗೆ ಬಂದದ್ದು ನನ್ನ ಅಣ್ಣ ಎಂದು ಗುರುತು ಸಿಕ್ಕಿದ್ದು ಹಗ್ಗದಿಂದ. ಕಣ್ಣು, ಕಿವಿ, ಮೂಗು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. ಬಾಯಿ ಮಾತ್ರ ತೆರೆದಿತ್ತು. ಅದರೊಳಗೂ ತುಂಬಿತ್ತು. ನಾನು ಬೆರಳು ಹಾಕಿ ತೋಡಿದೆ. ಅವನು ವಾಂತಿ ಮಾಡಿಕೊಂಡ, ಮತ್ತೆ ಮಾಡಿಕೊಂಡ, ಒಳಗೆ ಏನೂ ಇಲ್ಲವಾದ ಮೇಲೂ ಮಾಡಿಕೊಳ್ಳುತ್ತಲೇ ಇದ್ದ.

“ಅಮ್ಮಾ, ಒಂದು ಬಕೀಟು ನೀರು ಕೊಡಿ,” ಎಂದು ಗೇಟು ಹಿಡಿದೆ.

“ಗೇಟು ಮುಟ್ಟಬೇಡ! ಮುಟ್ಟಬೇಡ!” ಬಾಲ್ಕನಿಯಿಂದ ಮೆಂಬರ್ ಹೆಂಡತಿ ಕೂಗಿದಳು. ಸೆರಗಿನಿಂದ ಮೂಗು ಮುಚ್ಚಿದ್ದಳು. “ರೀ, ಅವರನ್ನ ಅತ್ಲಾಗೆ ಕಳಿಸ್ರೀ, ನನಗೆ ಹೊಟ್ಟೆ ತೊಳಸ್ತಿದೆ!”

ಮೆಂಬರು ಆಗ ಬಾಯಿ ಬಿಟ್ಟ. “ನೀರು ಯಾಕಮ್ಮ? ಮಳೆ ಹುಯ್ತಾ ಇದೆಯಲ್ಲ. ಅಲ್ಲೇ ನಿಂತ್ಕೊಳ್ಳಲಿ, ಹೋಗುತ್ತೆ.”

ಹಾಗೇ ಆಯಿತು. ಅಣ್ಣ ಮಳೆಯಲ್ಲಿ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ತನ್ನ ಮೈಯನ್ನು ತಾನೇ ಮುಟ್ಟಲಾರದವನಂತೆ ನಿಂತ. ಇಂಜಿನಿಯರು ಹರಿಯತೊಡಗಿದ ಮೋರಿಯ ಫೋಟೋ ತೆಗೆಯಲು ಮೊಬೈಲು ಎತ್ತಿದ. “ಏಯ್, ಸ್ವಲ್ಪ ಆ ಕಡೆ ಸರಿ. ಫೋಟೋದಲ್ಲಿ ನೀನು ಬರ್ತೀಯ.”

ಅಣ್ಣ ಸರಿದ.

ಮನೆಗೆ ಬಂದ ಮೇಲೆ ಅತ್ತಿಗೆ ಅವನ ಮೈಮೇಲೆ ಏಳು ಬಿಂದಿಗೆ ಬಿಸಿನೀರು ಹುಯ್ದಳು. ಸೋಪು ಸವೆದು ಉಗುರಿನಷ್ಟಾಯಿತು. ತಟ್ಟೆಯ ಮುಂದೆ ಕೂತ ಅಣ್ಣ ಅನ್ನ ಕಲಸಿ, ತುತ್ತು ಎತ್ತಿ, ಬಾಯಿಯ ಹತ್ತಿರ ತಂದು ನಿಲ್ಲಿಸಿದ. ಕೈ ಮುಂದಕ್ಕೆ ಹೋಗಲಿಲ್ಲ. ತುತ್ತನ್ನು ತಟ್ಟೆಗೆ ಹಾಕಿ ಎದ್ದುಹೋಗಿ ಮತ್ತೆ ಕೈ ತೊಳೆದ. ಅತ್ತಿಗೆ ತಾನೇ ತಿನ್ನಿಸಲು ಹೋದಳು. ತುತ್ತು ನಾಲಿಗೆಗೆ ತಾಗಿತೋ ಇಲ್ಲವೋ, ಓಡಿಹೋಗಿ ಬಚ್ಚಲಲ್ಲಿ ಕಕ್ಕಿದ.

“ಒಳಗೆ ಹೋಗಿಬಿಡ್ತು,” ಎಂದು ನನ್ನ ಹತ್ತಿರ ಮಾತ್ರ ಹೇಳಿದ. “ಪೈಪಿದೆ ಅಂತ ಹೇಳೋಕೆ ಬಾಯಿ ತೆಗೆದಿದ್ದೆ. ತಣ್ಣಗಿದ್ದಿದ್ರೆ ಮೋರಿನೀರು ಅಂದ್ಕೋತಿದ್ದೆ. ಬೆಚ್ಚಗಿತ್ತು ಕಣೇ.”

ಜ್ವರ ಬಂತು, ಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ಐದು ದಿನ ಬಾಟಲಿ ಏರಿಸಿದರು. ಜ್ವರ ಬಿಟ್ಟಿತು. ಅಸಹ್ಯ ಬಿಡಲಿಲ್ಲ. ನೀರು ಕುಡಿಯಬೇಕಾದರೂ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ತಿಂಗಳೊಳಗೆ ಆಳು ಅರ್ಧವಾದ. ಹಾರೆ ಎತ್ತುತ್ತಿದ್ದ ತೋಳು ಪೊರಕೆಕಡ್ಡಿಯಂತಾಯಿತು.

ಆ ದಿನ ಎದುರು ಮನೆಯವರಾರೋ ಹಗ್ಗ ಕಟ್ಟಿದ್ದ ಅಣ್ಣನ ಚಿತ್ರ ತೆಗೆದಿದ್ದರಂತೆ. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಮೇಲಿನ ಆಫೀಸಿಗೆ ಮುಟ್ಟಿತ್ತು. ಒಂದು ಮಧ್ಯಾಹ್ನ ಇಂಜಿನಿಯರು ನಮ್ಮ ಮನೆಗೇ ಬಂದ. ನಮ್ಮದು ಒಂದೇ ಕೋಣೆ, ಮಧ್ಯಕ್ಕೆ ಸೀರೆಯ ಪರದೆ. ಅತ್ತಿಗೆ ಕುರ್ಚಿ ಒರೆಸಿ ಹಾಕಿದಳು. ಅವನು ಕೂರಲಿಲ್ಲ. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಕಾಗದ ಬಿಚ್ಚಿದ.

“ಏನಿಲ್ಲ, ಒಂದು ಹೇಳಿಕೆ. ಮೋರಿನ ಮಷೀನಲ್ಲೇ ಕ್ಲೀನ್ ಮಾಡಿದ್ದು, ನೀನು ಕುಡಿದು ಕಾಲು ಜಾರಿ ಬಿದ್ದೆ, ಜೊತೆಗಿದ್ದೋರು ಹಗ್ಗ ಹಾಕಿ ಎತ್ತಿದ್ರು ಅಂತ. ಮೇಸ್ತ್ರಿ ಸೈನ್ ಹಾಕಿದಾನೆ. ನೀನೂ ಹಾಕು. ಕೆಲಸ ಉಳಿಯುತ್ತೆ.”

“ನಮ್ಮ ಮನೇಲಿ ಯಾರೂ ಅದನ್ನ ಮೂಸೂ ನೋಡಲ್ಲ ಸಾರ್,” ಅಂದಳು ಅತ್ತಿಗೆ.

“ಕಾಗದಕ್ಕೆ ವಾಸನೆ ಬರಲ್ಲಮ್ಮ.”

“ಅಣ್ಣಾ, ಹಾಕಬೇಡ,” ಅಂದೆ ನಾನು.

ಅಣ್ಣ ಗೋಡೆ ಹಿಡಿದು ಎದ್ದು ಕೂತ. ಪೆನ್ನು ತೆಗೆದುಕೊಂಡ. “ಇರ್ಲಿ ಬಿಡೇ. ಬಾಯಿಗೆ ಇದಕ್ಕಿಂತ ಹೊಲಸು ಹೋಗಿದೆ,” ಎಂದು ಅಕ್ಷರ ಜೋಡಿಸಿ ಜೋಡಿಸಿ ಹೆಸರು ಬರೆದ. ಇಂಜಿನಿಯರು ಕಾಗದದ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಮಡಚಿಕೊಂಡು ಹೋದ.

ಮಳೆ ನಿಂತಿತು. ದೊಡ್ಡ ಸಾಹೇಬರು ಊರಿನ ರಸ್ತೆಗಳನ್ನು ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಎಲ್ಲ ರಸ್ತೆ ನೋಡಲು ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಮೆಂಬರ್ ಮನೆಯ ರಸ್ತೆಯನ್ನೇ ತೋರಿಸುವುದೆಂದು ತೀರ್ಮಾನವಾಯಿತು. ಇದ್ದಕ್ಕಿದ್ದಂತೆ ನಮಗೆ ಬೇಕಾದಷ್ಟು ಟಾರು ಬಂತು. ಡ್ರಮ್ಮಿನ ಮೇಲೆ ಡ್ರಮ್ಮು. ಒಳ್ಳೆಯ ಕಪ್ಪು ಜಲ್ಲಿ, ಸಿಮೆಂಟಿನ ಮೂಟೆ, ದೊಡ್ಡ ರೋಲರು. ಈ ಕೆಲಸದ ಹದಿನಾಲ್ಕು ವರ್ಷದಲ್ಲಿ ನಾನು ಅಷ್ಟು ಟಾರನ್ನು ಒಂದೇ ಕಡೆ ನೋಡಿರಲಿಲ್ಲ.

“ಆ ಗುಂಡಿನ ಅಗೆದು ಕಾಂಕ್ರೀಟ್ ತುಂಬಿ ಮೇಲೆ ಟಾರು ಎಳೀರಿ. ಇನ್ನು ಕುಸೀಬಾರದು,” ಎಂದು ಹೇಳಿ ಇಂಜಿನಿಯರು ಹೂವಿನ ಕುಂಡ ತರಿಸಲು ಹೋದ.

ಸೊಂಟದಾಳ ಅಗೆದಾಗ ಪೈಪು ಸಿಕ್ಕಿತು. ಮೆಂಬರ್ ಕಾಂಪೌಂಡಿನ ಅಡಿಯಿಂದ ಬಂದು ಮೋರಿಗೆ ಸೇರುವ ದಪ್ಪ ಪೈಪು. ನಡುವೆ ಜೋಡಣೆ ಬಿಟ್ಟು ಬಾಯಿ ತೆರೆದುಕೊಂಡಿತ್ತು. ಸುತ್ತಲ ಮಣ್ಣು ಕೊಳೆತು ಕಪ್ಪು ಗಂಜಿಯಂತಾಗಿತ್ತು. ಹುಳುಗಳು ಬೆಳ್ಳಗೆ ಮಿಜಿಮಿಜಿ ಎನ್ನುತ್ತಿದ್ದವು. ಹನ್ನೊಂದು ಸಲ ನಾವು ಜಲ್ಲಿ ಸುರಿದದ್ದು ಇದರ ಮೇಲೆ. ಊರಿನವರೆಲ್ಲ ಒಳಚರಂಡಿಗೆ ಅರ್ಜಿ ಹಾಕಿ ಕಾಯುತ್ತಿದ್ದಾಗ ಈ ಮಹಾರಾಯ ಮಳೆನೀರಿನ ಮೋರಿಗೆ ಕಕ್ಕಸಿನ ಪೈಪಿನ ಮೂತಿ ಇಟ್ಟಿದ್ದ.

“ಸುತ್ತ ಇಟ್ಟಿಗೆ ಕಟ್ಟಿ ಮೇಲೊಂದು ಚಪ್ಪಡಿ ಎಳೆದುಬಿಡೋಣ,” ಅಂದ ಮೇಸ್ತ್ರಿ. “ನಮಗ್ಯಾಕೆ.”

ನಾನು ಗುಂಡಿಯಲ್ಲೇ ನಿಂತು ಅವನ ಮುಖ ನೋಡಿದೆ. “ನೀನು ಸೈನ್ ಹಾಕಿದ್ದೀಯಲ್ಲ ಮೇಸ್ತ್ರಿ. ನಿಂಗ್ಯಾಕೆ.”

ಅವನು ತಲೆ ತಗ್ಗಿಸಿದ. ಸಲಿಕೆಯ ತುದಿಯಿಂದ ನೆಲ ಕೆರೆದ. ಆಮೇಲೆ, “ನಾನು ಟೀ ಕುಡ್ಕೊಂಡು ಬರ್ತೀನಿ. ಅರ್ಧ ಗಂಟೆ ಆಗುತ್ತೆ,” ಎಂದ. ಎರಡು ಹೆಜ್ಜೆ ಹೋಗಿ ತಿರುಗದೆಯೇ ಹೇಳಿದ: “ಸಿಮೆಂಟು ಜಾಸ್ತಿ ಹಾಕಿ. ನೀರು ಕಮ್ಮಿ.”

ಬುಲ್ಡೋಜರು ಗಟ್ಟಿಯಾಗಿ ಕಲಸಿ ಬಾಂಡ್ಲಿಯಲ್ಲಿ ಕೊಟ್ಟ. ನಾನು ಗೋಣಿತಟ್ಟು ಸುತ್ತಿ ಮನೆ ಕಡೆಯ ಪೈಪಿನ ಬಾಯಿಗೆ ಮೊದಲು ಅದನ್ನು ತುರುಕಿದೆ. ಅದರ ಹಿಂದೆ ಕಲ್ಲು, ಕಲ್ಲಿನ ಹಿಂದೆ ಕಾಂಕ್ರೀಟು. ಹಾರೆಯ ಮೊಂಡು ತುದಿಯಿಂದ ಜಡಿದು ಜಡಿದು ಕೂರಿಸಿದೆ. ಇನ್ನೊಂದು ಬಾಂಡ್ಲಿ ಕೈಗೆ ತೆಗೆದುಕೊಳ್ಳುವಾಗ ಮನೆಯೊಳಗೆ ಗುಳುಗುಳು ಎಂದಿತು. ಸಂದಿಯಿಂದ ಒಂದಿಷ್ಟು ಚಿಮ್ಮಿ ನನ್ನ ಮೊಣಕೈವರೆಗೆ ಹರಿಯಿತು. ಬೆಚ್ಚಗಿತ್ತು. ಕೈ ನಿಲ್ಲಿಸಲಿಲ್ಲ.

“ಅಕ್ಕಾ, ಸಾಕಾ?” ಅಂದ ಬುಲ್ಡೋಜರು.

“ಇನ್ನೊಂದು ಬಾಂಡ್ಲಿ ಕೊಡು.”

ಆಮೇಲೆ ಗುಂಡಿ ತುಂಬಿದೆವು. ಪದರ ಪದರವಾಗಿ ಕಾಂಕ್ರೀಟು ಹಾಕಿ ಕುಟ್ಟಿದೆವು. ಎರಡು ದಿನ ಒದ್ದೆ ಗೋಣಿ ಹೊದಿಸಿ, ಕೂಸಿಗೆ ಮಾಡಿದಂತೆ ಆರೈಕೆ ಮಾಡಿದೆವು. ಮೂರನೆಯ ದಿನ ಟಾರು ಎಳೆದೆವು, ಒಂದು ಗೇಣು ದಪ್ಪ. ಯಾರೂ ಬೈಯದೆ, ಯಾರೂ ಹೇಳದೆ, ಅಷ್ಟು ಮನಸ್ಸಿಟ್ಟು ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ. ರೋಲರು ಹೋಗಿ ಬಂದು ಹೋಗಿ ಬಂದು ರಸ್ತೆ ಮಿರಮಿರ ಮಿಂಚಿತು. ಪೈಪು ಮುಚ್ಚಿದ ಸಂಜೆಯೇ ಮೆಂಬರ್ ಮನೆಯವರು ಟಾರಿನ ಹೊಗೆಗೆ ಹೆದರಿ ನೆಂಟರ ಮನೆಗೆ ಹೋಗಿದ್ದರು.

ದೊಡ್ಡ ಸಾಹೇಬರು ಬಂದರು. ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದರು. “ರಸ್ತೆ ಅಂದ್ರೆ ಹೀಗಿರಬೇಕು ಕಣ್ರೀ,” ಅಂದರು. ಇಂಜಿನಿಯರು ಬೆನ್ನು ಬಗ್ಗಿಸಿ ನಕ್ಕ. ನಾವು ನಾಲ್ಕು ಮನೆ ಆಚೆ ಮರದ ಹಿಂದೆ ನಿಂತಿರಬೇಕೆಂದು ಅಪ್ಪಣೆಯಾಗಿತ್ತು. ನಿಂತಿದ್ದೆವು.

ಮೆಂಬರ್ ಮನೆಯವರು ವಾಪಸು ಬಂದ ಮರುದಿನ ಕೆಳಗಿನ ಬಚ್ಚಲು ತುಂಬಿತು. ಅದರ ಮಾರನೆಯ ದಿನ ಹಜಾರಕ್ಕೆ ಬಂತು. ಮೂರನೆಯ ದಿನ ಬೆಳಿಗ್ಗೆ ಇಂಜಿನಿಯರು ಬೀದಿ ಕೊನೆಯಲ್ಲಿ ಕಳೆ ಕೀಳುತ್ತಿದ್ದ ನಮ್ಮನ್ನು ಕೂಗಿ ಕರೆಸಿದ. ನಾವು ಹೋಗುವಷ್ಟರಲ್ಲಿ ಗೇಟಿನ ಮುಂದೆ ಜನ ಸೇರಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು, ಕಣ್ಣು ಮಾತ್ರ ಅಗಲವಾಗಿ ತೆರೆದಿದ್ದರು. ಮೆಟ್ಟಿಲಿನಿಂದ ಹಳದಿ ನೀರು ನಿಧಾನ ಇಳಿದು ಅಂಗಳದ ಹೊಳಪು ಕಲ್ಲಿನ ಮೇಲೆ ಹರಡುತ್ತಿತ್ತು. ಮೆಂಬರು ಕುರ್ಚಿಯೊಂದರ ಮೇಲೆ ಹತ್ತಿ ನಿಂತಿದ್ದ.

“ಅಗೀರಿ!” ಅಂದ ಇಂಜಿನಿಯರು. “ಇಲ್ಲೇ, ಈಗಲೇ!”

ಮೇಸ್ತ್ರಿ ನನ್ನನ್ನು ನೋಡಿದ. ನಾನು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಬರೆದು ಕೊಡಿ ಸಾರ್.”

“ಏನೇ ಬರೆಯೋದು?”

“ದೊಡ್ಡ ಸಾಹೇಬ್ರು ಭೇಷ್ ಅಂದಿರೋ ರಸ್ತೆ. ವಾರ ಆಗಿಲ್ಲ. ಯಾಕೆ ಅಗೀಬೇಕು ಅಂತ ಬರೀರಿ. ಮೆಂಬರ್ ಮನೆ ಕಕ್ಕಸಿನ ಪೈಪು ಮಳೆನೀರಿನ ಮೋರಿಗೆ ಬಿಟ್ಟಿದಾರೆ, ಅದು ಕಟ್ಕೊಂಡಿದೆ ಅಂತ ಬರೀರಿ. ಕೆಳಗೆ ಸೈನ್ ಹಾಕಿ. ನಿಂತ ಕಾಲಲ್ಲಿ ಅಗೀತೀವಿ.”

ಜನರಲ್ಲಿ ಯಾರೋ ಕಿಸಕ್ಕೆಂದರು. ಕೆಳಗಿನ ಬೀದಿಯವಳೊಬ್ಬಳು ಮೂಗಿನಿಂದ ಸೆರಗು ತೆಗೆದು, “ಅದೇನು, ಮೋರಿಗಾ? ಮಳೇಲಿ ನಮ್ಮ ಅಡುಗೆಮನೆಗೆ ಬಂದಿದ್ದು ಇವರದ್ದಾ?” ಎಂದು ಗಟ್ಟಿಯಾಗಿ ಕೇಳಿದಳು.

“ಇದೆಲ್ಲ ಈ ಬೋಳಿಯದ್ದೇ ಕೆಲಸ!” ಮೆಂಬರು ಕುರ್ಚಿಯ ಮೇಲಿಂದ ಕಿರುಚಿದ. “ನಾಲ್ಕೂ ಜನಾನ ಇವತ್ತೇ ಕಿತ್ತು ಹಾಕ್ತೀನಿ!”

“ನಾಲ್ಕಿಲ್ಲ ಸಾರ್, ಮೂರೇ ಜನ ಇರೋದು,” ಅಂದೆ. “ಒಬ್ಬ ಮನೇಲಿ ಮಲಗಿದಾನೆ. ಕಿತ್ತು ಹಾಕಿ. ಅಗೆಯೋರನ್ನ ಹುಡುಕ್ಕೊಳ್ಳಿ.”

ಬುಲ್ಡೋಜರು ಎದುರಿನ ಕಟ್ಟೆಯ ಮೇಲೆ ಹೋಗಿ ಕೂತ. ಮೇಸ್ತ್ರಿ ತನ್ನ ಹಾರೆಯನ್ನು ರಸ್ತೆಯ ನಡುವೆ ಉದ್ದಕ್ಕೆ ಮಲಗಿಸಿ, ಅವನ ಪಕ್ಕದಲ್ಲಿ ಕೂತ. ನಾನೂ ಹೋಗಿ ಕೂತೆ.

ಇಂಜಿನಿಯರು ಸುತ್ತ ನೋಡಿದ. ಯಾರೂ ಅಲುಗಲಿಲ್ಲ. ಗೇಟಿನ ಅಡಿಯಿಂದ ಹಳದಿ ನೀರಿನ ಮೊದಲ ಎಳೆ ಹೊರಗೆ ಇಣುಕಿತು. ಅವನು ಬಗ್ಗಿ ಹಾರೆ ಎತ್ತಿಕೊಂಡ. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹೊಡೆದ. ಠಣ್ ಎಂದಿತು. ಹಾರೆ ಪುಟಿದು ಅವನ ಕೈಯಿಂದ ಹಾರಿ ಬಿತ್ತು. ಟಾರಿನ ಮೇಲೆ ಉಗುರಿನಷ್ಟು ಬಿಳಿ ಗುರುತು.

ಹಾರೆಯನ್ನು ಹಾಗೆ ಹಿಡಿಯಬಾರದು. ಮೇಸ್ತ್ರಿ ಹೇಳಿಕೊಡಲಿಲ್ಲ, ನಾನೂ ಹೇಳಿಕೊಡಲಿಲ್ಲ. ಅವನು ಅಂಗೈ ನೋಡಿಕೊಂಡು ಮತ್ತೆ ಹಾರೆ ಎತ್ತಿದ.

ರಸ್ತೆ ಬಿರುಕು ಬಿಡಲಿಲ್ಲ. ನಾವು ಅಷ್ಟು ಚೆನ್ನಾಗಿ ಹಾಕಿದ್ದೆವು.